'ಹುಷಾರು' ಮತ್ತು 'ಅಡ್ಡಿಲ್ಲ'

(ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಕಾರವಾರದ ಬೈತಖೋಲ ಬಂದರಿನ ಹತ್ತಿರ, ಬೋಟು ಮಾಲಕರು, ಬೋಟಿನಲ್ಲಿ ದುಡಿಯುವ ಖಲಾಸಿಗಳು, ಐಸ್ ಪ್ಲಾಂಟಿನವರು ಮತ್ತು ಕೆಲವು ಐಟಿಐ ವಿದ್ಯಾರ್ಥಿಗಳ ಎದುರು ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಆಡಿದ ಮಾತಿನ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಭಾಷಣ ಅಂದರೆ ಮುಂದಿನ ಸಾಲು ಖಾಲಿ ಬಿಡುವುದು ನಮ್ಮ ಕಡೆ ಪದ್ಧತಿ, ನನಗೂ ಗೊತ್ತು.

ನಾನು ಶಿರಸಿ ಕಡೆಯವನು. ಕೆಲಸ ಮಾಡಿದ್ದೆಲ್ಲ ಘಟ್ಟದ ಕೆಳಗೆ. ಮೊದಲು ಫಿಟ್ಟರ್, ಆಮೇಲೆ ಸೂಪರ್‌ವೈಸರ್, ಕೊನೆಗೆ ಸುರಕ್ಷತೆಯ ಜವಾಬ್ದಾರಿ. ಆದರೆ ಈ ವಿಷಯದ ಮೊದಲ ಪಾಠ ಆದದ್ದು ಅಪ್ಪನ ಅಡಿಕೆ ತೋಟದಲ್ಲಿ.

ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯಲು ಕೊನೆಗೌಡ ಬರುತ್ತಿದ್ದ. ಐವತ್ತು ಅಡಿ ಮರ. ಕಾಲಿಗೆ ಹಗ್ಗದ ಕುಣಿಕೆ ಸಿಕ್ಕಿಸಿಕೊಂಡು ಹತ್ತಿದರೆ ಮುಗಿಯಿತು, ಪದೇ ಪದೇ ಇಳಿಯುವ ಮಾತಿಲ್ಲ. ಒಂದು ಮರದ ಕೊನೆ ಕೊಯ್ದು, ಅಲ್ಲಿಂದಲೇ ಪಕ್ಕದ ಮರದ ತಲೆ ಎಳೆದುಕೊಂಡು ಅದಕ್ಕೆ ದಾಟುತ್ತಿದ್ದ. ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅಪ್ಪ ಕೆಳಗಿನಿಂದ ಕೂಗುತ್ತಿದ್ದರು, "ಹುಷಾರು ಮಾರಾಯ!" ಮೇಲಿನಿಂದ ಉತ್ತರ ಬರುತ್ತಿತ್ತು, "ಅಡ್ಡಿಲ್ಲ ಹೆಗಡೇರೇ!"

ಇಷ್ಟೇ. ಕೆಲಸ ಕೊಡುವವರ ಕರ್ತವ್ಯ 'ಹುಷಾರು' ಅನ್ನುವುದು. ಕೆಲಸ ಮಾಡುವವರ ಕರ್ತವ್ಯ 'ಅಡ್ಡಿಲ್ಲ' ಅನ್ನುವುದು. ತೋಟದಲ್ಲಿ, ಬೋಟಿನಲ್ಲಿ, ಚಿರೆಕಲ್ಲು ಕ್ವಾರಿಯಲ್ಲಿ, ಮನೆ ಕಟ್ಟುವಲ್ಲಿ, ಎಲ್ಲ ಕಡೆ ನಾನು ಕೇಳಿದ್ದು ಈ ಎರಡೇ ಶಬ್ದ. ಇಬ್ಬರಿಗೂ ತಮ್ಮ ಕೆಲಸ ಮುಗಿಯಿತು ಅನ್ನುವ ಸಮಾಧಾನ. ಮರ ಮಾತ್ರ ಮೊದಲಿನಷ್ಟೇ ಜಾರುತ್ತಿರುತ್ತದೆ.

ಈಗ ನನ್ನ ಕೈ ನೋಡಿ. ಎಡಗೈ. ಕಿರುಬೆರಳಿನ ತುದಿ ಇಲ್ಲ. ಅದು ಹೇಗೆ ಹೋಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿನ ವಿಷಯವೆಲ್ಲ ಅದರಲ್ಲೇ ಇದೆ.

ಆಗ ನಾನು ಒಂದು ಕಾರ್ಖಾನೆಯಲ್ಲಿ ಹೊಸ ಫಿಟ್ಟರ್. ಹೆಸರು ಬೇಡ. ಅಲ್ಲೊಂದು ಕನ್ವೇಯರ್ ಬೆಲ್ಟ್ ಇತ್ತು. ಅದರ ತುದಿಯ ಬೇರಿಂಗಿಗೆ ದಿನಾ ಗ್ರೀಸ್ ಹಾಕಬೇಕು. ಗ್ರೀಸ್ ಹಾಕುವ ನಿಪ್ಪಲ್ ಇದ್ದದ್ದು ಗಾರ್ಡಿನ, ಅಂದರೆ ಕೈ ಸಿಕ್ಕದ ಹಾಗೆ ಯಂತ್ರಕ್ಕೆ ಹಾಕಿದ ಮುಚ್ಚಳದ, ಒಳಗೆ. ಗಾರ್ಡಿಗೆ ಆರು ಬೋಲ್ಟು. ಮಷೀನು ನಿಲ್ಲಿಸಿ, ಬೋಲ್ಟು ಬಿಚ್ಚಿ, ಗ್ರೀಸ್ ಹಾಕಿ, ಮತ್ತೆ ಕಟ್ಟಲು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಬೆಲ್ಟ್ ನಿಂತರೆ ಮೇಲಿನವರು 'ಯಾಕೆ' ಅಂತ ಕೇಳುತ್ತಾರೆ. ಎರಡು ವಾರ ಸರಿಯಾಗಿ ಮಾಡಿದೆ. ಮೂರನೇ ವಾರ ಗಾರ್ಡ್ ಬಿಚ್ಚಿ ಗೋಡೆಗೆ ಒರಗಿಸಿಟ್ಟೆ. ಬೆಲ್ಟ್ ಓಡುತ್ತಿರುವಾಗಲೇ ಗ್ರೀಸ್ ಗನ್ ಹಿಡಿದರೆ ಎರಡೇ ನಿಮಿಷದ ಕೆಲಸ. ಗಾರ್ಡ್ ಗೋಡೆಗೆ ಒರಗಿ ಎಂಟು ತಿಂಗಳು ನಿಂತಿತ್ತು. ಅದರ ಮೇಲೆ ಯಾರೋ ಊಟದ ಡಬ್ಬಿಯ ಚೀಲ ನೇತುಹಾಕುತ್ತಿದ್ದರು. ಮ್ಯಾನೇಜರು ದಿನಾ ಅದರ ಪಕ್ಕದಲ್ಲೇ ಹೋಗುತ್ತಿದ್ದರು.

ಒಂದು ದಿನ ನಿಪ್ಪಲ್ ಒರೆಸಲು ಹಿಡಿದಿದ್ದ ಬಟ್ಟೆಯ ತುಂಡು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿತು. ಬಟ್ಟೆ ಒಳಗೆ ಹೋಯಿತು. ಬಟ್ಟೆಯ ಹಿಂದೆ ಬೆರಳು. ನೋವು ಗೊತ್ತಾಗಲಿಲ್ಲ, ಮೊದಲು ಗೊತ್ತಾದದ್ದು ಬೆರಳು ಬಿಸಿಯಾದದ್ದು.

ವಿಚಾರಣೆ ಆಯಿತು. ಕಾಗದದಲ್ಲಿ ಬರೆದರು, 'ಕಾರಣ: ಕೆಲಸಗಾರನ ಅಜಾಗರೂಕತೆ'. ನಾನೇ ಸಹಿ ಹಾಕಿದೆ. ಗಾರ್ಡ್ ಬಿಚ್ಚಿದ್ದು ನಾನೇ ಅಲ್ವಾ? ಹುಷಾರಾಗಿ ಇರಲಿಲ್ಲ, ಬೆರಳು ಹೋಯಿತು. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಬೇರೆ ಕಡೆ ಸೂಪರ್‌ವೈಸರ್ ಆದೆ. ಅಲ್ಲಿಯೂ ಅಂಥದೇ ಬೆಲ್ಟ್, ಅಂಥದೇ ಗಾರ್ಡ್. ಆದರೆ ನಿಪ್ಪಲ್ ಗಾರ್ಡಿನ ಹೊರಗೆ. ಬೇರಿಂಗಿನಿಂದ ಎರಡಡಿ ಸಣ್ಣ ತಾಮ್ರದ ಪೈಪು ಎಳೆದು ನಿಪ್ಪಲನ್ನು ಹೊರಗೆ ತಂದಿದ್ದರು. ಗಾರ್ಡ್ ಬಿಚ್ಚುವ ಕೆಲಸವೇ ಇಲ್ಲ. ಹೊರಗೆ ನಿಂತು ಗ್ರೀಸ್ ಹೊಡೆದು ಹೋಗುವುದು. ಆ ಪೈಪಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅದರ ಖರ್ಚು ನನ್ನ ಬ್ಯಾಂಡೇಜಿನ ಖರ್ಚಿಗಿಂತ ಕಮ್ಮಿ.

ನನ್ನ ತಪ್ಪು ತಪ್ಪೇ. ಅದನ್ನು ತೊಳೆದುಕೊಳ್ಳಲು ಈ ಕತೆ ಹೇಳುತ್ತಿಲ್ಲ. ಆದರೆ ತಪ್ಪುಗಳಿಗೆ ಒಂದು ಸರದಿ ಇದೆ. ಗಾರ್ಡಿನ ಒಳಗೆ ನಿಪ್ಪಲ್ ಇಟ್ಟವರು ಮೊದಲು. ಬಿಚ್ಚಿಟ್ಟ ಗಾರ್ಡನ್ನು ಎಂಟು ತಿಂಗಳು ನೋಡಿಯೂ ನೋಡದವರು ಎರಡನೆಯವರು. ಬಟ್ಟೆ ಹಿಡಿದು ಕೈ ಹಾಕಿದ ನಾನು ಮೂರನೆಯವನು. ಕಾಗದದಲ್ಲಿ ಬಂದದ್ದು ಮೂರನೆಯವನ ಹೆಸರೊಂದೇ.

ಕಾನೂನು ಈ ಸರದಿಯನ್ನು ಒಪ್ಪುತ್ತದೆ. ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಆಕಳಿಸಬೇಡಿ.

1948ರ ಕಾರ್ಖಾನೆ ಕಾಯ್ದೆ ಮೊದಲಿಗೆ ಒಂದು ಪಟ್ಟಿಯ ಹಾಗಿತ್ತು. ಓಡುವ ಯಂತ್ರಕ್ಕೆ ಬೇಲಿ ಹಾಕಿ, ಗಾಳಿ ಬೆಳಕು ಕೊಡಿ, ಇಷ್ಟು ಜನಕ್ಕೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇಡಿ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತ ಆಯಿತು. ಪಟ್ಟಿ ಸಾಲದು ಅಂತ ಗೊತ್ತಾಯಿತು. 1987ರ ತಿದ್ದುಪಡಿಯಲ್ಲಿ 7ಎ ಅನ್ನುವ ಕಲಂ ಬಂತು. ಅದು ಹೇಳಿದ್ದು ಇಷ್ಟು: ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡಿಕೊಳ್ಳುವುದು ಕಾರ್ಖಾನೆ ನಡೆಸುವವರ ಹೊಣೆ, ಸಾಧ್ಯವಾದಷ್ಟೂ. ಪಟ್ಟಿಯಲ್ಲಿ ಇಲ್ಲದ ಅಪಾಯವೂ ಅವರದೇ. 'ಸಾಧ್ಯವಾದಷ್ಟೂ' ಅನ್ನುವ ಶಬ್ದವನ್ನು ಕೆಲವರು ರಬ್ಬರಿನ ಹಾಗೆ ಎಳೆಯುತ್ತಾರೆ, ಅದು ಬೇರೆ ಮಾತು. ಅದೇ ತಿದ್ದುಪಡಿಯಲ್ಲಿ ಕೆಲಸಗಾರರಿಗೂ ಒಂದು ಹಕ್ಕು ಬಂತು. ತಾನು ಯಾವ ಅಪಾಯದ ಜೊತೆ ಕೆಲಸ ಮಾಡುತ್ತಿದ್ದೇನೆ ಅಂತ ತಿಳಿದುಕೊಳ್ಳುವ, ತರಬೇತಿ ಪಡೆಯುವ ಹಕ್ಕು.

ಈಗ ಆ ಕಾಯ್ದೆಯ ಜಾಗದಲ್ಲಿ 2020ರ ಸಂಹಿತೆ ಇದೆ. ಹೆಸರು ಉದ್ದ: ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. 13 ಹಳೆಯ ಕಾಯ್ದೆಗಳನ್ನು ಒಂದು ಮಾಡಿ ತಂದದ್ದು. 2025ರ ನವೆಂಬರ್ 21ರಿಂದ ಜಾರಿ. ಮಾಲಕರ ಕರ್ತವ್ಯ 6ನೇ ಕಲಮಿನಲ್ಲಿ, ಕೆಲಸಗಾರರದ್ದು 13ರಲ್ಲಿ, ಕೆಲಸಗಾರರ ಹಕ್ಕು 14ರಲ್ಲಿ. ಮೊದಲು 6, ಆಮೇಲೆ 13. ನಾನು ಹೇಳಿದ ಸರದಿ ಅಲ್ಲೂ ಹಾಗೇ ಇದೆ.

ಮಾಲಕರ ಪಾಲಿಗೆ ಬರುವುದು: ಕೆಲಸದ ಜಾಗದಲ್ಲಿ ಗಾಯಕ್ಕೋ ಕಾಯಿಲೆಗೋ ಕಾರಣ ಆಗುವ ಅಪಾಯ ಇರಬಾರದು. ನೇಮಕಾತಿ ಪತ್ರ ಕೊಡಬೇಕು. ನಿಯಮದಲ್ಲಿ ಹೇಳಿದವರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಮಾಡಿಸಬೇಕು. ಇನ್ನೊಂದು ಸಾಲಿದೆ, ಅದನ್ನು ನಾನು ಎರಡು ಸಲ ಹೇಳುವವನು: ಸುರಕ್ಷತೆಗಾಗಿ ಕೊಟ್ಟ ಯಾವುದಕ್ಕೂ ಕೆಲಸಗಾರರಿಂದ ದುಡ್ಡು ಹಿಡಿಯುವ ಹಾಗಿಲ್ಲ. ಗಮ್‌ಬೂಟಿನ ದುಡ್ಡು, ಗ್ಲೌಸಿನ ದುಡ್ಡು ಸಂಬಳದಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಇಲ್ಲಿ ಕೆಲವರು ಮುಖ ಕೆಳಗೆ ಹಾಕಿದ್ದು ಕಾಣಿಸಿತು.

ಕೆಲಸಗಾರರ ಪಾಲಿಗೆ ಬರುವುದು: ತನ್ನ ಜೀವದ ಬಗ್ಗೆ ಎಚ್ಚರ. ತನ್ನ ಕೆಲಸದಿಂದ ಪಕ್ಕದವನಿಗೆ ಪೆಟ್ಟಾಗಬಾರದು ಅನ್ನುವ ಎಚ್ಚರ. ಅಪಾಯ ಕಂಡರೆ ಹೇಳಬೇಕು. ಸುರಕ್ಷತೆಗೆ ಇಟ್ಟದ್ದನ್ನು ಬೇಕೆಂದೇ ಬಿಚ್ಚಬಾರದು, ಕೆಡಿಸಬಾರದು. ಹಕ್ಕಿನ ವಿಷಯಕ್ಕೆ ಬಂದರೆ, ಜೀವಕ್ಕೆ ಕುತ್ತು ಬರುತ್ತದೆ ಅಂತ ಅನಿಸಿದರೆ ಮಾಲಕರಿಗೂ ಸರಕಾರದ ಇನ್‌ಸ್ಪೆಕ್ಟರಿಗೂ ಒಟ್ಟಿಗೇ ತಿಳಿಸಬಹುದು. ತಿಳಿಸಬಹುದು ಅಂತಿದೆಯೇ ಹೊರತು, ಕೆಲಸ ಬಿಟ್ಟು ಹೊರಗೆ ಬನ್ನಿ ಅಂತ ಬರೆದಿಲ್ಲ. ಇದು ಕಮ್ಮಿಯಾಯಿತು ಅಂತ ನನ್ನ ಅಭಿಪ್ರಾಯ. ತಿಳಿಸುತ್ತಾ ನಿಂತರೆ ಜೀವ ಉಳಿಯದ ಜಾಗಗಳನ್ನು ನಾನು ನೋಡಿದ್ದೇನೆ.

ಗಾರ್ಡ್ ಬಿಚ್ಚಿದವನಿಗೆ ಪರಿಹಾರ ಸಿಗುತ್ತದೆಯೇ ಅಂತ ಬಹಳ ಜನ ಕೇಳುತ್ತಾರೆ. 1923ರ ಪರಿಹಾರ ಕಾಯ್ದೆಯಿಂದಲೂ ಒಂದು ನಿಯಮ ಬಂದಿದೆ, ಹೊಸ ಸಾಮಾಜಿಕ ಭದ್ರತೆ ಸಂಹಿತೆಯಲ್ಲೂ ಉಳಿದಿದೆ. ಕುಡಿದಿದ್ದರೆ, ನಿಯಮವನ್ನು ಬೇಕೆಂದೇ ಮುರಿದಿದ್ದರೆ, ಗಾರ್ಡನ್ನು ಬೇಕೆಂದೇ ತೆಗೆದಿದ್ದರೆ ಮಾಲಕರು ಪರಿಹಾರ ಕೊಡುವುದಿಲ್ಲ ಅನ್ನಬಹುದು. ಆದರೆ ಸಾವು ಆದರೆ, ಅಥವಾ ಇನ್ನೆಂದೂ ದುಡಿಯಲು ಆಗದ ಪೂರ್ತಿ ಅಂಗವಿಕಲತೆ ಬಂದರೆ ಈ ನೆವ ನಡೆಯುವುದಿಲ್ಲ. ಅವನದೇ ತಪ್ಪಿದ್ದರೂ ಕೊಡಬೇಕು. 'ಅವನೇ ಹುಷಾರಾಗಿರಲಿಲ್ಲ' ಅನ್ನುವ ಮಾತು ಸತ್ತವನ ಮನೆಯ ಅಂಗಳದಲ್ಲಿ ಬಹಳ ಕೇಳಿದ್ದೇನೆ, ಅದಕ್ಕೇ ಹೇಳಿದೆ.

ಕಾನೂನಿಗೂ ಒಂದು ಮಿತಿ ಇದೆ. ಅದು ತಲೆ ಎಣಿಸುತ್ತದೆ. ಸಂಹಿತೆ ಸಾಮಾನ್ಯವಾಗಿ ಅನ್ವಯಿಸುವುದು ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವ ಕಡೆ. ಅಪಾಯದ ಕೆಲಸ ಅಂತ ಸರಕಾರ ಗುರುತಿಸಿದರೆ ಒಬ್ಬನಿದ್ದರೂ ಅನ್ವಯಿಸುತ್ತದೆ. ಕಾರ್ಖಾನೆ ಅನ್ನಿಸಿಕೊಳ್ಳಲು ಮೊದಲು ಕರೆಂಟು ಇದ್ದರೆ ಹತ್ತು ಜನ ಸಾಕಿತ್ತು, ಈಗ ಇಪ್ಪತ್ತು ಬೇಕು. ನಿಮ್ಮ ಟ್ರಾಲ್ ಬೋಟಿನಲ್ಲಿ ಏಳೆಂಟು ಜನ. ಶಿರಸಿಯ ತೋಟದಲ್ಲಿ ಕೊನೆಗೌಡ ಒಬ್ಬ, ಹಗ್ಗ ಹಿಡಿಯುವವ ಒಬ್ಬ. ಹತ್ತಕ್ಕಿಂತ ಕಮ್ಮಿ ಇದ್ದಾರೆ ಅಂತ ಬಲೆ ಎಳೆಯುವ ವಿಂಚು ಕೈ ಎಳೆಯದೆ ಬಿಡುತ್ತದಾ?

ಅದಕ್ಕೆ ಮತ್ತೆ ತೋಟಕ್ಕೆ ಬರುತ್ತೇನೆ. ಕೊನೆಗೌಡನಿಗೆ ಸೊಂಟದ ಬೆಲ್ಟ್ ತಂದುಕೊಟ್ಟ ತೋಟದವರು ಇದ್ದಾರೆ. ಅವರೇ ಬೇಜಾರಿನಲ್ಲಿ ಹೇಳುತ್ತಾರೆ, "ಎಂತ ಮಾಡುವುದು, ತಂದುಕೊಟ್ಟರೂ ಕಟ್ಟಿಕೊಳ್ಳುವುದಿಲ್ಲ." ಯಾಕೆ ಕಟ್ಟಿಕೊಳ್ಳುವುದಿಲ್ಲ? ಒಂದು ದಿನ ಕೆಳಗೆ ನಿಂತು ನೋಡಿ. ಕೂಲಿ ಕೊನೆಯ ಲೆಕ್ಕದಲ್ಲಿ. ಮರದಿಂದ ಮರಕ್ಕೆ ದಾಟುವಾಗ ಪ್ರತಿ ಸಲ ಬೆಲ್ಟ್ ಬಿಚ್ಚಬೇಕು, ಕಟ್ಟಬೇಕು. ಬೆಲ್ಟ್ ಕಟ್ಟಿದ ದಿನ ಕೊನೆ ಕಮ್ಮಿ, ಕೂಲಿ ಕಮ್ಮಿ. ಅಂದರೆ ಬೆಲ್ಟಿನ ದುಡ್ಡನ್ನು ಕೊನೆಗೆ ಅವನೇ ಕೊಟ್ಟ ಹಾಗಾಯಿತು. ಕೂಲಿಯನ್ನು ದಿನದ ಲೆಕ್ಕಕ್ಕೆ ತಿರುಗಿಸಿ ನೋಡಿ, ಆಮೇಲೆ ಬೆಲ್ಟಿನ ಮಾತು ಆಡಿ. ಕೂಲಿಯ ಲೆಕ್ಕ ಹೇಗಿರಬೇಕು ಅನ್ನುವುದೂ ಸುರಕ್ಷತೆಯ ವಿಷಯವೇ. ಆ ಲೆಕ್ಕ ಹಾಕುವವರು ಮಾಲಕರು.

ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನೇ ಸಲ ಹೊಡೆಯುವ ಹೊತ್ತಿಗೆ ಮರಕ್ಕೆಲ್ಲ ಹಾವಸೆ. ಮೇಲಿನಿಂದ ಔಷಧಿ ಕಣ್ಣಿಗೆ ಬೀಳುತ್ತದೆ, ಕಣ್ಣು ಒರೆಸಲು ಒಂದು ಕೈ ಬಿಡಬೇಕು. ಒಂದು ಕನ್ನಡಕ ಕೊಟ್ಟರೆ ಆ ಕೈ ಮರದ ಮೇಲೇ ಇರುತ್ತದೆ.

ಈಗ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ನೆಲದ ಮೇಲೆ ನಿಂತು ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ನನ್ನ ಬೆರಳಿನ ಕತೆಯ ತಾಮ್ರದ ಪೈಪು ಇದೇ. ಹತ್ತುವ ಕೆಲಸವನ್ನೇ ತೆಗೆದುಹಾಕಿತು. ಕುತ್ತಿಗೆ, ಭುಜ ನೋಯುತ್ತದೆ, ಅದು ಹೌದು. ಆದರೆ ಒಂದು ವಿಷಯವನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಫೈಬರ್ ಅಂದಕೂಡಲೇ ಪ್ಲಾಸ್ಟಿಕ್ಕು, ಕರೆಂಟು ಹೊಡೆಯುವುದಿಲ್ಲ ಅಂದುಕೊಳ್ಳುತ್ತಾರೆ. ಇದು ಕಾರ್ಬನ್ ಫೈಬರ್. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿನಲ್ಲಿ ದೋಟಿ ಎತ್ತಲೇಬೇಡಿ. ಕೈಗೆ ದೋಟಿ ಕೊಡುವ ಮೊದಲು ಇದನ್ನು ಹೇಳುವುದು ತೋಟದವರ ಕರ್ತವ್ಯ. 'ಹುಷಾರು' ಅಂದರೆ ಇದನ್ನು ಹೇಳಿದ ಹಾಗೆ ಆಗುವುದಿಲ್ಲ.

ಬೋಟಿನ ವಿಂಚಿನ ವಿಷಯ ನಿಮಗೆ ನನಗಿಂತ ಜಾಸ್ತಿ ಗೊತ್ತು. ಲುಂಗಿ ಉಟ್ಟು ವಿಂಚಿನ ಹತ್ತಿರ ನಿಲ್ಲಬೇಡಿ. ನಿಲ್ಲಿಸುವ ಲಿವರ್ ವಿಂಚಿನ ಮುಂದೆ ಇರುವವನ ಕೈಗೆ ಎಟುಕಬೇಕು, ಕ್ಯಾಬಿನ್ನಿನಲ್ಲಿ ಬೋಟು ನಡೆಸುವ ತಾಂಡೇಲನ ಕೈಗೆ ಮಾತ್ರ ಅಲ್ಲ. ಲೈಫ್ ಜಾಕೆಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಹೊಸದಾಗಿ ಉಳಿದಿದ್ದರೆ ಅದು ತಪಾಸಣೆಗೆ ಬರುವವರಿಗಾಗಿ ತಂದದ್ದು.

ಐಸ್ ಪ್ಲಾಂಟಿನವರಿಗೆ ತಂಪು ಮಾಡಲು ಬಳಸುವ ಅಮೋನಿಯಾ ಮನೆಯವರಷ್ಟೇ ಪರಿಚಯ. ಮೈನಸ್ 33 ಡಿಗ್ರಿಯಲ್ಲಿ ಕುದಿಯುತ್ತದೆ. ದ್ರವ ಹೊರಗೆ ಬಂದರೆ ಸುಮಾರು 850 ಪಟ್ಟು ಹಿಗ್ಗಿ ಅನಿಲ ಆಗುತ್ತದೆ. ಕಣ್ಣನ್ನು ಮೊದಲು ಹಿಡಿಯುತ್ತದೆ, ಎಲ್ಲಿ ನೀರು ಇದೆಯೋ ಅಲ್ಲಿಗೆ ಹೋಗುವ ಅನಿಲ ಅದು. ಕಣ್ಣಿಗೆ ತಾಗಿದರೆ ಹದಿನೈದು ನಿಮಿಷ ನೀರು ಬಿಡಬೇಕು. ಸೋರಿದರೆ ಗಾಳಿ ಎತ್ತ ಬೀಸುತ್ತಿದೆ ನೋಡಿ, ಅದಕ್ಕೆ ಅಡ್ಡವಾಗಿ ಓಡಿ. ಅದಕ್ಕೇ ಮಾಡಿನ ಮೇಲೆ ಗಾಳಿಚೀಲ ಕಟ್ಟುವುದು. ಎಷ್ಟೋ ಕಡೆ ಆ ಚೀಲ ಹರಿದು, ಬರೀ ರಿಂಗು ಉಳಿದಿರುತ್ತದೆ.

ಒಂದು ಪ್ಲಾಂಟಿಗೆ ಹೋಗಿದ್ದೆ. ಯಾವ ಊರು ಅಂತ ಬೇಡ. ಗ್ಯಾಸ್ ಮಾಸ್ಕ್ ಇದೆಯಾ ಕೇಳಿದೆ. ಇದೆ ಅಂದರು, ಹೆಮ್ಮೆಯಿಂದಲೇ. ಆಫೀಸಿನ ಒಳಗೆ ಗಾಜಿನ ಕಪಾಟು, ಅದಕ್ಕೆ ಬೀಗ. ಕಳುವಾಗುತ್ತದಂತೆ. ಬೀಗದ ಕೈ ಯಾರ ಹತ್ತಿರ? ಮ್ಯಾನೇಜರ ಹತ್ತಿರ. ಮ್ಯಾನೇಜರು ಎಲ್ಲಿ? ಕುಮಟಾಕ್ಕೆ ಮದುವೆಗೆ ಹೋಗಿದ್ದಾರೆ. ಕೊನೆಗೆ ಸಂಜೆ ಕಪಾಟು ತೆಗೆಸಿ ನೋಡಿದರೆ ಮಾಸ್ಕಿನ ಗಾಳಿ ಸೋಸುವ ಡಬ್ಬಿಯ ಅವಧಿ ಮುಗಿದು ನಾಲ್ಕು ವರ್ಷ. ಅಲ್ಲಿನ ಆಪರೇಟರು ನನಗೆ ಗುಟ್ಟಿನಲ್ಲಿ ಹೇಳಿದ, "ಸಾರ್, ವಾಸನೆ ಬಂದರೆ ನಾವು ಒದ್ದೆ ಟವೆಲ್ ಕಟ್ಟಿಕೊಳ್ಳುತ್ತೇವೆ, ಅಡ್ಡಿಲ್ಲ." ಅಮೋನಿಯಾ ನೀರಿನಲ್ಲಿ ಕರಗುವುದರಿಂದ ಒದ್ದೆ ಬಟ್ಟೆ ಹೊರಗೆ ಓಡುವ ಒಂದೆರಡು ನಿಮಿಷಕ್ಕೆ ಸ್ವಲ್ಪ ಆಸರೆ. ಅದನ್ನು ಕಟ್ಟಿಕೊಂಡು ವಾಲ್ವ್ ರಿಪೇರಿಗೆ ಕೂರುವುದು ಬೇರೆ.

ಈಗ ನಾನು ಇಲ್ಲಿಗೆ ಬಂದ ಮುಖ್ಯ ಕಾರಣ. ಬೋಟಿನ ಡೆಕ್ಕಿನ ಕೆಳಗಿನ ಮೀನಿನ ಖಾನೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಖಾನೆಯ ಮುಚ್ಚಳ ಹಾಕಿರುತ್ತದೆ. ಒಳಗೆ ಕರಗಿದ ಐಸಿನ ನೀರು, ಮೂಲೆಯಲ್ಲಿ ಉಳಿದ ಮೀನು, ಸೀಗಡಿಯ ತಲೆ. ಅದು ಕೊಳೆಯುತ್ತದೆ. ಕೊಳೆಯುವಾಗ ಒಳಗಿನ ಆಮ್ಲಜನಕ ತಿಂದುಹಾಕುತ್ತದೆ, ಬದಲಿಗೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಜುಲೈ ಕೊನೆಯ ವಾರ ಮುಚ್ಚಳ ತೆಗೆದು, ಒಬ್ಬ ಹುಡುಗನನ್ನು ಬಕೆಟ್ಟು ಕೊಟ್ಟು ತೊಳೆಯಲು ಇಳಿಸುತ್ತೀರಿ. ಹೌದಲ್ವಾ?

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊತ್ತಾಗುತ್ತದೆ ಅನ್ನುತ್ತೀರಿ. ಇದರ ಕುತಂತ್ರ ಇರುವುದೇ ಅಲ್ಲಿ. ಕಮ್ಮಿ ಇದ್ದಾಗ ಮೂಗಿಗೆ ಹೊಡೆಯುತ್ತದೆ. ಹತ್ತು ಲಕ್ಷದಲ್ಲಿ ನೂರು ಭಾಗದ ಸುತ್ತಮುತ್ತ ಬಂತು ಅಂದರೆ ಮೂಗನ್ನೇ ಕೊಲ್ಲುತ್ತದೆ. ವಾಸನೆ ನಿಂತುಹೋಗುತ್ತದೆ. ಇಳಿದವನು 'ಈಗ ವಾಸನೆ ಹೋಯಿತು, ಅಡ್ಡಿಲ್ಲ' ಅಂದುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಹೆಚ್ಚು ಹೊತ್ತು ಬೇಡ.

ಮೊದಲಿನವನು ಬೀಳುತ್ತಾನೆ. ಮೇಲಿನಿಂದ ನೋಡಿದವನಿಗೆ ಜಾರಿ ಬಿದ್ದ ಹಾಗೆ ಕಾಣುತ್ತದೆ. ಎತ್ತಲು ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಮೂರನೆಯವನು ಇಳಿಯುತ್ತಾನೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಹತ್ತಿರ ಒಂದು ಮೀನು ಸಂಸ್ಕರಣೆ ಘಟಕದಲ್ಲಿ ಹೀಗೇ ಆಯಿತು. ಮೀನಿನ ತ್ಯಾಜ್ಯದ ಟ್ಯಾಂಕಿಗೆ ಇಳಿದ ಒಬ್ಬನನ್ನು ಉಳಿಸಲು ಉಳಿದವರು ಹೋದರು. ಐದು ಜನ ತೀರಿಹೋದರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಗೆಳೆಯ ಬಿದ್ದಾಗ ಇಳಿಯಬೇಡ ಅನ್ನುವುದು ಕಲ್ಲಿನ ಮಾತಿನ ಹಾಗೆ ಕೇಳುತ್ತದೆ. ಆದರೂ ಹೇಳುತ್ತೇನೆ. ಇಳಿಯಬೇಡಿ.

ಮೇಲಿನಿಂದಲೇ ಎತ್ತುವ ಹಾಗೆ ಮೊದಲೇ ಕಟ್ಟಿಕೊಂಡಿರಬೇಕು. ಇಳಿಯುವವನ ಮೈಗೆ ಎದೆ, ಭುಜ ಸುತ್ತುವ ಬೆಲ್ಟ್, ಅದಕ್ಕೆ ಹಗ್ಗ, ಹಗ್ಗದ ತುದಿ ಮೇಲೆ. ಮೇಲೆ ನಿಂತವನ ಕೆಲಸ ಒಂದೇ, ಬಿಟ್ಟು ಹೋಗಬಾರದು, ಕೆಳಗೆ ಇಳಿಯಬಾರದು. ಇಳಿಯುವ ಮೊದಲು ಬ್ಲೋವರಿನಿಂದ ಹೊಸ ಗಾಳಿ ಬಿಡಬೇಕು. ಪೈಪು ಖಾನೆಯ ತಳಕ್ಕೆ ಮುಟ್ಟಬೇಕು, ಬಾಯಿಯ ಹತ್ತಿರ ಹಿಡಿದರೆ ತಳದ ಅನಿಲ ಅಲ್ಲೇ ಇರುತ್ತದೆ. ಅನಿಲ ಅಳೆಯುವ ಮೀಟರಿನಲ್ಲಿ ನೋಡಬೇಕು, ಆಮ್ಲಜನಕ ಶೇಕಡಾ 19.5ಕ್ಕಿಂತ ಕಮ್ಮಿ ಇದ್ದರೆ ಇಳಿಯುವ ಹಾಗಿಲ್ಲ. ಒಬ್ಬೊಬ್ಬರೇ ಮೀಟರು ಕೊಳ್ಳುವುದು ಕಷ್ಟವಾದರೆ ಹತ್ತು ಬೋಟಿನವರು ಸೇರಿ ಒಂದು ಇಟ್ಟುಕೊಳ್ಳಿ. ಬಾವಿಗೆ ದೀಪ ಇಳಿಸಿ ನೋಡುವುದು ನಮ್ಮ ಅಜ್ಜಂದಿರ ಪದ್ಧತಿ. ಆ ದೀಪ ಆಮ್ಲಜನಕದ ಬಗ್ಗೆ ಏನೋ ಸ್ವಲ್ಪ ಹೇಳುತ್ತದೆ, ಈ ಅನಿಲದ ಬಗ್ಗೆ ಏನೂ ಹೇಳುವುದಿಲ್ಲ. ಒಳಗೆ ಹತ್ತಿಕೊಳ್ಳುವ ಅನಿಲ ಇದ್ದರೆ ದೀಪವೇ ಕುತ್ತು. ಒದ್ದೆ ಟವೆಲ್ ಇಲ್ಲಿ ಏನೇನೂ ಪ್ರಯೋಜನವಿಲ್ಲ.

ಇದೆಲ್ಲ ಮಾಲಕರು ತಂದುಕೊಡಬೇಕಾದದ್ದು. ಹಾಗಾದರೆ ಖಲಾಸಿಯ ಕರ್ತವ್ಯ ಏನು? ಇವು ಇಲ್ಲದಿದ್ದರೆ 'ಅಡ್ಡಿಲ್ಲ' ಅನ್ನದೆ ಇರುವುದು.

ಹೇಳುವುದು ಸುಲಭ ಅಂತ ನನಗೂ ಗೊತ್ತು. ಸೂಪರ್‌ವೈಸರ್ ಆಗಿದ್ದಾಗ ಒಂದು ಪುಸ್ತಕ ಮೊಳೆಗೆ ನೇತುಹಾಕಿದ್ದೆ. ಮೇಲೆ ಬರೆದಿದ್ದೆ, 'ಸ್ವಲ್ಪದರಲ್ಲಿ ತಪ್ಪಿತು'. ಜಾರಿದ್ದು, ತಲೆ ಪಕ್ಕ ಸ್ಪ್ಯಾನರ್ ಬಿದ್ದದ್ದು, ಪೆಟ್ಟಾಗದಿದ್ದರೂ ಬರೆಯಿರಿ ಅಂದಿದ್ದೆ. ಎರಡು ತಿಂಗಳು ಪುಸ್ತಕ ಖಾಲಿ. ಬರೆದರೆ ಬೈಗುಳ, ಯಾರಿಗೆ ಬೇಕು? ಮೂರನೇ ತಿಂಗಳು ಒಂದು ಪುಟದಲ್ಲಿ ಚಿತ್ರ ಇತ್ತು. ಏಣಿ. ಕೆಳಗಿನಿಂದ ನಾಲ್ಕನೇ ಮೆಟ್ಟಿಲು ಮುರಿದ ಹಾಗೆ ಗೀಟು ಹಾಕಿತ್ತು. ಪಕ್ಕದಲ್ಲಿ ಒಂದು ಮನುಷ್ಯ, ಕಾಲು ಮೇಲೆ. ಬಿಡಿಸಿದವನು ಒಡಿಶಾದ ಹುಡುಗ. ಅವನಿಗೆ ಕನ್ನಡ ಬರುವುದಿಲ್ಲ. ನಾವು ದಿನಾ 'ಹುಷಾರು' ಅನ್ನುತ್ತಿದ್ದದ್ದೂ ಅವನಿಗೆ ಅರ್ಥ ಆಗಿರಲಿಲ್ಲ. ಅದೇ ದಿನ ಊಟಕ್ಕೆ ಮೊದಲು ಮೆಟ್ಟಿಲು ವೆಲ್ಡ್ ಮಾಡಿಸಿದೆ. ಎಲ್ಲರೂ ನೋಡಿದರು. ಅದಾದ ಮೇಲೆ ಆ ವಾರವೇ ಹನ್ನೊಂದು ಸಂಗತಿ ಬಂದವು, ಐದು ನನ್ನನ್ನೇ ಬೈದು ಬರೆದವು. ಇವತ್ತು ನಿಮ್ಮ ಬೋಟುಗಳಲ್ಲಿ ಅಂಥ ಹುಡುಗರು ಎಷ್ಟು ಜನ ಇದ್ದಾರೆ ಅಂತ ಎಣಿಸಿ.

ಎಣಿಸುವುದು ಅಂದಾಗ ಕೈಗಾ ಅಣು ವಿದ್ಯುತ್ ಸ್ಥಾವರ ನೆನಪಾಗುತ್ತದೆ. ಇದೇ ತಾಲೂಕು. ಅಲ್ಲಿ ವಿಕಿರಣದ ಜಾಗದಲ್ಲಿ ದುಡಿಯುವವರ ಎದೆಗೆ ಒಂದು ಬ್ಯಾಡ್ಜ್ ಇರುತ್ತದೆ, ಮೈಗೆ ಎಷ್ಟು ತಾಗಿತು ಅಂತ ಅದರಿಂದ ಲೆಕ್ಕ ಇಡುತ್ತಾರೆ. ಐದು ವರ್ಷಕ್ಕೆ 100 ಮಿಲಿಸೀವರ್ಟ್, ಯಾವ ಒಂದು ವರ್ಷವೂ 30 ಮೀರಬಾರದು. ಕಣ್ಣಿಗೆ ಕಾಣದ ಅಪಾಯಕ್ಕೆ ಅಷ್ಟು ಲೆಕ್ಕ. ಇಲ್ಲಿ ಕಣ್ಣಿಗೆ ಕಾಣುವ ಮುರಿದ ಏಣಿಗೆ ಒಂದು ಪುಸ್ತಕ ಇಲ್ಲ.

ಕೊನೆಗೆ ಪ್ರಶ್ನೆ ಕೇಳಲು ಬಿಟ್ಟರು. ಮೀನು ಮಾರುವ ಒಬ್ಬ ಅಮ್ಮ ಎದ್ದು ಕೇಳಿದರು, "ನಮಗೆ ಮಾಲಕರೇ ಇಲ್ಲ. ನಾವು ಯಾರ ಹತ್ತಿರ ಹೇಳುವುದು?" ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಮಾರುಕಟ್ಟೆಯ ಜಾರುವ ನೆಲ, ಬೆಳಕು, ನೀರು ಅದನ್ನು ನಡೆಸುವ ಸ್ಥಳೀಯ ಸಂಸ್ಥೆಯ ಹೊಣೆ, ಬರೆದು ಕೊಡಿ ಅಂದೆ. ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಸಾವಿಗೆ 5 ಲಕ್ಷ ಇದೆ, ಕಂತನ್ನು ನೀವು ಕಟ್ಟಬೇಕಾಗಿಲ್ಲ, ಹೆಸರು ಇದೆಯಾ ನೋಡಿಸಿ ಅಂದೆ. "ಸತ್ತ ಮೇಲಿಂದು ಅಡ್ಡಿಲ್ಲ, ಜಾರಿ ಬೀಳುವ ಮೊದಲಿಂದು ಹೇಳಿ" ಅಂದರು. ಸಭೆ ನಕ್ಕಿತು. ನಾನು ನಗಲಿಲ್ಲ.

ಎದ್ದು ಹೊರಟಾಗ ಒಬ್ಬ ಬೋಟಿನ ಮಾಲಕರು ಹತ್ತಿರ ಬಂದರು. "ನಾಳೆ ಬೆಳಿಗ್ಗೆ ಖಾನೆ ತೊಳೆಸುವುದಿದೆ, ಒಮ್ಮೆ ಬಂದು ನೋಡ್ತೀರಾ ಸಾರ್?" ಅಂದರು. ಹೋದೆ. ಬ್ಲೋವರ್ ಬಾಡಿಗೆಗೆ ತಂದಿದ್ದರು. ಪಕ್ಕದ ಬೋಟಿನ ಖಲಾಸಿಗಳೂ ಛತ್ರಿ ಹಿಡಿದು ನೋಡಲು ನಿಂತಿದ್ದರು. ಮುಚ್ಚಳ ತೆಗೆದು ಪೈಪು ಇಳಿಸಿದರೆ ತಳಕ್ಕೆ ಮುಟ್ಟಲಿಲ್ಲ, ಎರಡು ಮಾರು ಕಮ್ಮಿ ಬಿತ್ತು. "ಇಷ್ಟಕ್ಕೆ ಅಡ್ಡಿಲ್ಲ ಅಲ್ವಾ?" ಅಂತ ಒಬ್ಬ ಹುಡುಗ ಬಕೆಟ್ಟು ಎತ್ತಿಕೊಂಡ. ಮಾಲಕರು ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ದುಡ್ಡು ತೆಗೆದು, ಅದೇ ಹುಡುಗನನ್ನು ಪೈಪು ತರಲು ಪೇಟೆಗೆ ಕಳಿಸಿದರು. ಅವನು ಬರುವವರೆಗೆ ಎಲ್ಲರೂ ಡೆಕ್ಕಿನ ಮೇಲೆ ಚಾ ಕುಡಿಯುತ್ತಾ ಕೂತೆವು.